ಸತ್ತವರ ಕಣ್ಣು ತೆರೆಸುವ ಕೆಲಸ

ನಿವೃತ್ತಳಾದ ಮೇಲೆ ಬೆಚ್ಚಿಬೀಳುವ ಕೆಲಸವೂ ಮುಗಿಯಿತು ಎಂದುಕೊಂಡಿದ್ದೆ. ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಸನಾ ಎಂಬ ಹುಡುಗಿ ನವನಗರದಿಂದ ನಮ್ಮ ಮನೆಗೆ ಬಂದು, ಕೊಟ್ಟ ಚಹಾ ಆರುವ ಮೊದಲೇ ತನ್ನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಅದರಲ್ಲಿ ಹಣೆತುಂಬ ವಿಭೂತಿ ಧರಿಸಿದ ಹೆಂಗಸೊಬ್ಬಳು ನನ್ನನ್ನು ನೋಡಿ ರೆಪ್ಪೆ ಬಡಿದಳು. ಆಮೇಲೆ ಸಣ್ಣಗೆ ನಕ್ಕಳು. ನಾನು ಬಸಿಯನ್ನು ನೆಲಕ್ಕೆ ಹಾಕಿಬಿಟ್ಟೆ. ಆ ಹೆಂಗಸಿನ ಗುರುತು ನನಗಿತ್ತು. ನಾನು ಅವಳನ್ನು ಮೊದಲ ಸಲ ನೋಡಿದಾಗಲೇ ಅವಳು ಸತ್ತಿದ್ದಳು.

“ಮೇಡಂ, ಹೆದರಿದ್ರೇನ್ರಿ? ಬರೇ ಆ್ಯಪ್ ಐತ್ರಿ ಅದು,” ಎಂದಳು ಸನಾ, ಬಸಿಯ ಚೂರು ಆರಿಸುತ್ತ.

“ಇಕಿ ಗಂಗವ್ವ. ಇಕಿ ನಿನಗೆಲ್ಲಿ ಸಿಕ್ಕಳು?”

“ನಮ್ಮ ಬಾಜೂ ಮನಿ ನೀಲವ್ವಾರ ತಾಯೀರಿ. ಗ್ವಾಡಿ ಸೋರಿ ಫೋಟೋ ಹಾಳಾಗೈತಿ. ನಾ ಸರಿ ಮಾಡಿಕೊಡ್ತೇನಿ ಅಂದೆ. ಸುಮಿತ್ರವ್ವಗ ತೋರಸಲಾರದ ಛಾಪಸಬ್ಯಾಡ ಅಂತ ನಿಮ್ಮ ಕಡೆ ಕಳಿಸ್ಯಾರ.”

ಸನಾ ಡಿಸೈನ್ ಕಲಿಯುವವಳು, ಕೊನೆಯ ವರ್ಷ. ಹಳೆಯ ಕಾಲದ ಚಿತ್ರ ಮತ್ತು ಅಕ್ಷರದ ತಂತ್ರಗಳ ಬಗ್ಗೆ ಕೆಲಸ ಮಾಡಿದವರನ್ನು ಕೇಳಿ ಬರೆಯಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಒಂದೇ ಸವಾರಿಯಲ್ಲಿ ಎರಡೂ ಕೆಲಸ ಮುಗಿಸಲು ಬಂದಿದ್ದಳು. ನೀಲವ್ವನ ಹತ್ತಿರ ತಾಯಿಯದೆಂದು ಇರುವುದು ಜಗತ್ತಿನಲ್ಲಿ ಇದೊಂದೇ ಚಿತ್ರ. ಅದರ ಕೆಳಗಿನ ಅರ್ಧ ಆಗಲೇ ಬೂಷ್ಟು ಹಿಡಿದು ಹೋಗಿತ್ತು. ಉಳಿಸುವುದಿದ್ದರೆ ಈಗಲೇ ಉಳಿಸಬೇಕು. ಆದರೆ ಫೋನಿನಲ್ಲಿದ್ದ ಆ ಸ್ವಚ್ಛ, ಸುಂದರ ಮುಖ ನೋಡಿದಷ್ಟೂ ನನ್ನ ದಿಗಿಲು ಹೆಚ್ಚಿತು. ಎಲ್ಲ ಸರಿಯಿತ್ತು, ಗಂಗವ್ವ ಮಾತ್ರ ಇರಲಿಲ್ಲ. ಯಾಕೆಂದು ಸನಾಳಿಗೆ ಹೇಳಲು ಸಂಜೆಯಾಯಿತು. ಈ ಕಸುಬಿಗೆ ಬರುತ್ತಿರುವ ಉಳಿದವರೂ ತಿಳಿದುಕೊಳ್ಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ಚಿತ್ರಕಲೆ ಕಲಿತು ಹುಬ್ಬಳ್ಳಿಯ ಪ್ರೆಸ್ಸೊಂದಕ್ಕೆ ಆರ್ಟಿಸ್ಟ್ ಎಂದು ಸೇರಿದಾಗ, ಪುಸ್ತಕದ ಮುಖಪುಟ ಬರೆಯುತ್ತೇನೆ, ಕ್ಯಾಲೆಂಡರಿಗೆ ಹೂವು ಹಣ್ಣು ಬರೆಯುತ್ತೇನೆ ಎಂದೆಲ್ಲ ಕನಸು ಕಂಡಿದ್ದೆ. ಮಾಲಕರು ಶಿವಣ್ಣನವರು. ಕೆಳಗೆ ಪ್ರೆಸ್ಸು, ಮೇಲೆ ಅವರದೇ ಫೋಟೋ ಸ್ಟುಡಿಯೋ. ಮೊದಲ ದಿನ ನನ್ನ ಮೇಜಿನ ಮೇಲೆ ಒಂದು ಫೋಟೋ ಇಟ್ಟರು. ಮುದುಕರೊಬ್ಬರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದಾರೆ. ನಿದ್ದೆಯೆಂದುಕೊಂಡೆ. ಹತ್ತಿರ ಹಿಡಿದು ನೋಡಿದರೆ ಗದ್ದಕ್ಕೆ ಬಿಳಿ ಅರಿವೆ ಕಟ್ಟಿದೆ, ಭುಜವನ್ನು ಹಿಂದಿನಿಂದ ಯಾರೋ ಹಿಡಿದಿದ್ದಾರೆ. ಫೋಟೋವನ್ನು ಬೋರಲು ಹಾಕಿಬಿಟ್ಟೆ.

“ಕಣ್ಣ ತಗಸಬೇಕು,” ಎಂದರು ಶಿವಣ್ಣನವರು, ಪೆನ್ನಿನ ಮುಚ್ಚಳ ತೆಗೆಯಿರಿ ಎನ್ನುವಷ್ಟು ಸಲೀಸಾಗಿ.

ನಮ್ಮ ಕಡೆ ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸುತ್ತಾರೆ, ಸಿಂಗರಿಸುತ್ತಾರೆ. ಬದುಕಿರುವಾಗ ಫೋಟೋ ತೆಗೆಸಿಕೊಳ್ಳಲು ಪುರಸೊತ್ತೇ ಆಗದವರಿಗೆ ಆವತ್ತು ಮೊದಲ ಮತ್ತು ಕೊನೆಯ ಫೋಟೋ ತೆಗೆಯುತ್ತಿದ್ದರು. ಅದು ಪಡಸಾಲೆಯಲ್ಲಿ ತೂಗಬೇಕು, ಆದರೆ ಸತ್ತ ಮುಖವನ್ನು ದಿನಾ ನೋಡಲು ಯಾರಿಗೆ ಧೈರ್ಯ? ಹಾಗಾಗಿ ನಮ್ಮ ಕಡೆ ಬರುತ್ತಿದ್ದರು. ನಾನು ಹತ್ತಿ ದಲಾಲರ ಮಗಳು, ಲಿಂಗಾಯತ ಮನೆಯಲ್ಲೇ ಬೆಳೆದವಳು. ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜನ ಫೋಟೋ ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು. ಆ ಕಣ್ಣುಗಳನ್ನು ಯಾರೋ ಕುಂಚದಿಂದ ಬರೆದಿದ್ದಾರೆಂದು ನನಗೆ ತಿಳಿದದ್ದು ಆವತ್ತು, ಆ ಮೇಜಿನ ಮುಂದೆ. ಅಳು ಬಂತು.

ನನಗೆ ಕೆಲಸ ಕಲಿಸಿದವರು ಮೌಲಾಸಾಬರು, ನಮ್ಮ ಹಿರಿಯ ಆರ್ಟಿಸ್ಟ್. ನಾವೆಲ್ಲ ಉಸ್ತಾದ ಎನ್ನುತ್ತಿದ್ದೆವು. ಗದ್ದದ ಅರಿವೆಯನ್ನು ಬ್ಲೇಡಿನ ಮೂಲೆಯಿಂದ ಕೆರೆದು ತೆಗೆಯುವುದು, ಪೆನ್ಸಿಲ್ಲಿನ ಪುಡಿ ಹಚ್ಚಿ ಗಲ್ಲದ ಗುಳಿ ತುಂಬುವುದು, ಆಮೇಲೆ ರೆಪ್ಪೆಯ ಮೇಲೆಯೇ ಬಿಳಿಗುಡ್ಡೆ, ಅದರ ಮೇಲೆ ಕಪ್ಪು. ಇಷ್ಟಾದರೂ ಮುಖ ಸತ್ತೇ ಇರುತ್ತಿತ್ತು. ಕೊನೆಗೆ ಅವರು ಕುಂಚದ ತುದಿಯಲ್ಲಿ ಬಿಳಿ ಬಣ್ಣ ತೆಗೆದುಕೊಂಡು, ಉಸಿರು ಹಿಡಿದು, ಒಂದೊಂದು ಕಣ್ಣಿನ ಕಪ್ಪಿನಲ್ಲಿ ಒಂದೊಂದು ಚುಕ್ಕಿ ಇಡುತ್ತಿದ್ದರು. ಅಷ್ಟೇ. ಮೊದಲ ದಿನದ ಆ ಮುದುಕರು ನನ್ನನ್ನು ನೋಡಿಬಿಟ್ಟರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

“ಜೀವಾ ಬರಿಸಿಬಿಟ್ರಲ್ರಿ ಉಸ್ತಾದ!”

“ತೋಬಾ ತೋಬಾ. ಜೀವಾ ಕೊಡೂದು ಅಲ್ಲಾಹನ ಕೆಲಸ ಐತವಾ. ಕಿಟಕ್ಯಾಗಿಂದ ಬೆಳಕ ಬಂದ್ರ ಕಣ್ಣಾಗ ಹೊಳೀತೈತಿಲ್ಲ, ಅಷ್ಟ ನಾವು ಹಚ್ಚೂದು.”

ಚಿತ್ರ ಬರೆಯುವವರಿಗೆ ನಾನು ಹೇಳಬಹುದಾದ ತಂತ್ರ ಇದೊಂದೇ. ಕಣ್ಣು ಬರೆಯಲು ಹೋಗಬೇಡಿ, ಬೆಳಕು ಎಲ್ಲಿಂದ ಬರುತ್ತದೆ ನೋಡಿ.

ಮುಚ್ಚಿದ ಕಣ್ಣು ಹೇಗಿತ್ತೆಂದು ತಿಳಿಯುವುದು ಹೇಗೆ? ಮನೆಯವರನ್ನು ಕೇಳುತ್ತಿದ್ದೆವು, ಯಾರನ್ನು ಹೋಲುತ್ತಿದ್ದರು ಎಂದು. ತಮ್ಮನನ್ನೋ ಮಗಳನ್ನೋ ಕೂಡಿಸಿಕೊಂಡು ಅವರ ಕಣ್ಣು ನೋಡಿ ಬರೆಯುತ್ತಿದ್ದೆವು. ಹೀಗೆ ತಮ್ಮನ ಕಣ್ಣಿಟ್ಟು ತಯಾರಾದ ಒಂದು ಫೋಟೋವನ್ನು ಸತ್ತ ಅಣ್ಣನ ಹೆಂಡತಿ ಬಹಳ ಹೊತ್ತು ನೋಡಿ, “ಇವರು ಇಷ್ಟ ಸಮಾಧಾನಲೇ ನನ್ನ ಎಂದೂ ನೋಡಿದ್ದಿಲ್ರಿ,” ಎಂದರು. “ಇರ್ಲಿ ಬಿಡ್ರಿ, ಹಿಂಗ ಇರ್ಲಿ,” ಎಂದು ಅದನ್ನೇ ಒಯ್ದರು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅಕ್ಷರದ ಕೆಲಸವಾದರೂ ತಣ್ಣಗಿರುತ್ತದೆ ಎಂದುಕೊಂಡರೆ ಅದೂ ಇಲ್ಲ. ಕನ್ನಡ ಅಕ್ಷರ ಮೇಲೆ ತಲೆಕಟ್ಟು, ಕೆಳಗೆ ಒತ್ತು ಇಟ್ಟುಕೊಂಡು ಸಂಸಾರ ಮಾಡುವಂಥದ್ದು. ಅದಕ್ಕೆ ಮೇಲೆ ಕೆಳಗೆ ಜಾಗ ಬೇಕು. ಇಂಗ್ಲಿಷಿನ ಅಳತೆಯಲ್ಲಿ ಸಾಲು ಬಿಗಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂಡುತ್ತದೆ. ಅಡ್ಡ ಎಳೆದು ಅಗಲ ಮಾಡಿದರೆ ಅಕ್ಷರದ ಹೊಟ್ಟೆ ಉಬ್ಬುತ್ತದೆ. ಇದೆಲ್ಲ ಕಲಿಯಬಹುದು. ಆದರೆ ಚುಕ್ಕಿಯೊಂದು ಏನು ಮಾಡಬಲ್ಲದು ಎಂಬುದು ನನಗೆ ಗೌಡರ ಪ್ರಕರಣದಲ್ಲಿ ಗೊತ್ತಾಯಿತು.

ಹತ್ತಿ ಅಂಗಡಿಯೊಂದರ ಆರಂಭದ ಆಮಂತ್ರಣ ಪತ್ರಿಕೆ. ಅಧ್ಯಕ್ಷತೆ ವಹಿಸುವವರು ಲಿಂಗನಗೌಡ ಬಸನಗೌಡ ಪಾಟೀಲರು. ಉಸ್ತಾದರು ಕೈಯಿಂದ ಚೆಂದಾಗಿ ಬರೆದು ಅಂಟಿಸಿದ್ದರು. ಹೆಸರು ಗೆರೆಯಿಂದ ಆಚೆ ಹೋಗುತ್ತಿತ್ತು. ಅಕ್ಷರ ಸಣ್ಣದು ಮಾಡಿ ಮತ್ತೆ ಬರೆಯುತ್ತೇನೆ ಎಂದು ಅವರು ಹೇಳಿದರೆ ಶಿವಣ್ಣನವರಿಗೆ ತಾಳ್ಮೆಯೆಲ್ಲಿ? “ಲಗೂ ಮುಗಸ್ರಿ, ಹೆಸರ ಸಣ್ಣದ ಮಾಡಿದ್ರಾತು,” ಎಂದವರೇ, ಉಸ್ತಾದರು ನಮಾಜಿಗೆ ಹೋದಾಗ ತಾವೇ ಬ್ಲೇಡು ತೆಗೆದುಕೊಂಡು ಕತ್ತರಿಸಿ, ಚುಕ್ಕಿ ಇಟ್ಟು, ಛಾಪಿಸಿಯೇಬಿಟ್ಟರು. ಪತ್ರಿಕೆ ಊರೂರಿಗೆ ಹೋಯಿತು. ಅದರಲ್ಲಿ ಹೀಗಿತ್ತು: ಅಧ್ಯಕ್ಷತೆ, ಲಿಂ. ಬ. ಪಾಟೀಲ.

ಬೇರೆ ಸೀಮೆಯವರಿಗೆ ಇದರಲ್ಲೇನು ತಪ್ಪು ಎನಿಸಬಹುದು. ನಮ್ಮ ಕಡೆ ಹೆಸರಿನ ಹಿಂದೆ ‘ಲಿಂ’ ಎಂದು ಬರೆದು ಚುಕ್ಕಿ ಇಟ್ಟರೆ ಲಿಂಗೈಕ್ಯರಾದವರು ಎಂದರ್ಥ. ಸತ್ತವರು ಅಧ್ಯಕ್ಷತೆ ವಹಿಸುವುದು ಹೇಗೆ ಎಂದು ಯಾರೂ ಯೋಚಿಸಲಿಲ್ಲ. ಗೌಡರ ಮಗಳ ಗಂಡನ ಮನೆಯವರು ಅಳುತ್ತ, ಟೆಂಪೋ ಮಾಡಿಕೊಂಡು, ಮಾಲೆ ಹಿಡಿದು ಬಂದಿಳಿದರಂತೆ. ಬಾಗಿಲು ತೆಗೆದವರು ಗೌಡರೇ.

ಮರುದಿನ ಗೌಡರು ಅದೇ ಮಾಲೆಯನ್ನು ತೋಳಿಗೆ ಹಾಕಿಕೊಂಡು ಪ್ರೆಸ್ಸಿಗೆ ಬಂದರು. ಆರಡಿ ಆಳು, ದೊಡ್ಡ ಮೀಸೆ. ಯಂತ್ರಗಳು ತಾವಾಗಿಯೇ ನಿಂತವು.

“ಇದನ್ನ ಯಾರ ಕೊಳ್ಳಾಗ ಹಾಕ್ಲಿ ಹೇಳ್ರಿ,” ಎಂದರು.

ಶಿವಣ್ಣನವರು ಅಂಥ ಬಿಳಿಚಿದ ಮುಖ ಹೊತ್ತು ನಿಂತದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. “ತಪ್ಪಾತ್ರಿ ಗೌಡ್ರ, ಒಂದ ಚುಕ್ಕೀರಿ,” ಎಂದು ತೊದಲಿದರು.

“ಒಂದ ಚುಕ್ಕಿ? ನನ್ನ ಮಗಳು ದಾರಿ ತುಂಬ ಎದಿ ಬಡಕೊಂಡ ಬಂದಾಳ್ರಿ!” ಎಂದು ಗೌಡರು ಕಣ್ಣೊರೆಸಿಕೊಂಡರು. ನಗು ತಡೆದುಕೊಂಡು ನಿಂತಿದ್ದ ನಾವೆಲ್ಲ ತಲೆ ತಗ್ಗಿಸಿದೆವು.

ನೀಲವ್ವ ಬಂದದ್ದು ಇದಾಗಿ ಕೆಲವು ತಿಂಗಳಿಗೆ. ಆಗಿನ್ನೂ ಮದುವೆಯಾಗಿ ವರ್ಷ ತುಂಬದ ಹುಡುಗಿ. ಜೊತೆಗೆ ಅವಳ ಕಾಕಾ, ಅಂದರೆ ತಂದೆಯ ತಮ್ಮ, ಚನ್ನಪ್ಪನವರು, ಕಾಳಿನ ವ್ಯಾಪಾರಿಗಳು. ನೀಲವ್ವನ ತಂದೆ ಮೊದಲೇ ತೀರಿಹೋಗಿದ್ದರು. ಈಗ ತಾಯಿ ಗಂಗವ್ವನೂ ಹೋಗಿದ್ದಳು. ಕಣ್ಣು ಮುಚ್ಚಿ ಕೂಡಿಸಿದ ಫೋಟೋ ತಂದಿದ್ದರು.

“ಕಣ್ಣ ಛಲೋ ದೊಡ್ಡವು ತಗೀರಿ, ನೆಟ್ಟಗಿರ್ಲಿ,” ಎಂದರು ಚನ್ನಪ್ಪನವರು.

“ನಮ್ಮವ್ವಗ ಮೆಳ್ಳಗಣ್ಣ ಇತ್ರಿ,” ಎಂದಳು ನೀಲವ್ವ.

“ನೀಲಾ, ಬಾಯಿ ಮುಚ್ಚು!” ಎಂದು ಗದರಿ ಅವರು ನಮ್ಮ ಕಡೆ ತಿರುಗಿದರು. “ಮನ್ಯಾಗ ಇನ್ನೂ ಎರಡ ಕನ್ಯಾ ಅದಾವ್ರಿ. ನೋಡಾಕ ಬಂದವರು ಪಡಸಾಲ್ಯಾಗ ಕುಂತು ಮೊದಲ ನೋಡೂದ ಫೋಟೋ. ತಾಯಿಗೆ ಹಿಂಗಿತ್ತು, ನಾಳೆ ಹುಟ್ಟೂ ಮಕ್ಕಳಿಗೂ ಬರತೈತಿ ಅಂತ ಎದ್ದ ಹೋದ್ರ ನಾ ಏನ ಮಾಡ್ಲಿ?”

“ನೆಟ್ಟಗ ನೋಡಿದ್ರ ಅಕಿ ನಮ್ಮವ್ವ ಅಲ್ಲ ಕಾಕಾ. ರೊಟ್ಟಿ ಬಡಿಯೂಮುಂದ ಒಂದ ಕಣ್ಣ ಹಂಚಿನ ಮ್ಯಾಲ, ಒಂದ ಕಣ್ಣ ನನ್ನ ಮ್ಯಾಲ ಇರತಿತ್ತು. ಸಣ್ಣಾಕಿದ್ದಾಗ ಬೆಲ್ಲದ ಡಬ್ಬಿಗೆ ಕೈ ಹಾಕೂದ ತಡ, ಸಿಕ್ಕೊಂಡ ಬಿಡತಿದ್ದೆ. ನೀವೂ ಸಿಕ್ಕೊಂಡೀರಿ.”

ಚನ್ನಪ್ಪನವರು ಗೋಡೆ ನೋಡಿದರು. ನಾನು ತಡೆಯಲಾರದೆ, ಇದ್ದ ಕಣ್ಣು ಬರೆಯದೆ ಇಲ್ಲದ ಕಣ್ಣು ಬರೆಯುವುದು ಯಾವ ನ್ಯಾಯ ಎಂದು ಜೋರು ಮಾಡಿದೆ. ಶಿವಣ್ಣನವರು ನನ್ನನ್ನು ಒಳಗೆ ಕಳಿಸಿದರು. ಗಿರಾಕಿ ಹೇಳಿದ್ದು ಬರೆಯಬೇಕು, ಸಂಬಂಧಿಕರ ಜಗಳ ಬಗೆಹರಿಸುವುದು ನಮ್ಮ ಕೆಲಸವಲ್ಲ ಎಂದರು. ನನಗೆ ಸಿಟ್ಟಿಗಿಂತ ದಿಗಿಲು ಹೆಚ್ಚಾಗಿತ್ತು. ಒಬ್ಬ ಹುಡುಗಿಯ ತಾಯಿಯನ್ನು ನಾವು ಒಂದು ಕುಂಚದಿಂದ ಇನ್ನೊಮ್ಮೆ ಇಲ್ಲದಂತೆ ಮಾಡಲಿದ್ದೆವು.

“ಇಬ್ಬರದೂ ಖರೇ ಐತಿ,” ಎಂದರು ಉಸ್ತಾದರು. ಕುಂಚ ಎತ್ತಿಕೊಂಡರು.

ಕಣ್ಣು ನೆಟ್ಟಗೇ ಬರೆದರು. ಕಪ್ಪು ಎರಡೂ ಕಡೆ ನಟ್ಟನಡುವೆ. ಬಲಗಣ್ಣಿನಲ್ಲಿ ಬೆಳಕಿನ ಚುಕ್ಕಿ ಇಡಬೇಕಾದಲ್ಲೇ ಇಟ್ಟರು. ಎಡಗಣ್ಣಿಗೆ ಬಂದಾಗ ಕುಂಚ ಗಾಳಿಯಲ್ಲಿ ನಿಂತಿತು. ಆಮೇಲೆ ಆ ಚುಕ್ಕಿಯನ್ನು ಕೂದಲೆಳೆಯಷ್ಟು ಮೂಗಿನ ಕಡೆ ಸರಿಸಿ ಇಟ್ಟರು. ನಾನು ಭೂತಗನ್ನಡಿ ಹಿಡಿದು ನೋಡಿದೆ, ಕಣ್ಣು ನೆಟ್ಟಗಿತ್ತು. ಕನ್ನಡಿ ತೆಗೆದು ಸುಮ್ಮನೆ ನೋಡುತ್ತ ಕುಳಿತೆ. ಎಡಗಣ್ಣು ಮೆಲ್ಲಗೆ ಬಾಗಿಲ ಕಡೆ ಹೋಯಿತು. ಗೊತ್ತಿಲ್ಲದವರಿಗೆ ಕಾಣುವಂತಿರಲಿಲ್ಲ. ಗಂಗವ್ವನ ಹತ್ತಿರ ಬೆಳೆದವರಿಗೆ ಕಾಣಬೇಕು ಎಂಬುದು ಉಸ್ತಾದರ ಲೆಕ್ಕ.

ಫೋಟೋ ಒಯ್ಯಲು ಬಂದ ದಿನ ಚನ್ನಪ್ಪನವರು ಚಷ್ಮಾ ಹಾಕಿಕೊಂಡು ಅದನ್ನು ಎಷ್ಟು ಹೊತ್ತು ನೋಡಿದರೆಂದರೆ ನಾನು ಉಸಿರು ಬಿಡುವುದನ್ನೇ ಮರೆತೆ. ಕಡೆಗೆ, “ಆತು. ನೆಟ್ಟಗ ಅದಾವ,” ಎಂದು ಕಾಗದದಲ್ಲಿ ಸುತ್ತಿದರು. ನೀಲವ್ವ ಒಮ್ಮೆ ನೋಡಿ ಮುಖ ತಿರುಗಿಸಿದಳು. ಅವಳಿಗೆ ಚುಕ್ಕಿ ಕಾಣಲಿಲ್ಲ. ಕಾಕಾನ ಮುಂದೆ ಹೇಳುವುದು ಹೇಗೆ? ಅವಳು ಕಣ್ಣು ಒರೆಸಿಕೊಳ್ಳುತ್ತ ಮೆಟ್ಟಿಲು ಇಳಿದುಹೋದಳು. ಉಸ್ತಾದರು ಆ ದಿನ ಮತ್ತೆ ಕುಂಚ ಮುಟ್ಟಲಿಲ್ಲ. ಆಮೇಲೆ ನಾನು ಧಾರವಾಡದ ಮನೆಯಲ್ಲಿ, ಅವಳು ತನ್ನ ಸಂಸಾರದಲ್ಲಿ, ಮದುವೆ ಮುಂಜಿಯಲ್ಲಿ ಎದುರಾದರೆ ಚೆನ್ನಾಗಿದ್ದೀರಾ ಎನ್ನುವಷ್ಟೇ ಗುರುತು ಉಳಿಯಿತು. ಕೇಳಲು ಬಾಯಿ ಬರಲಿಲ್ಲ. ಆ ಚುಕ್ಕಿ ಅವಳಿಗೆ ಎಂದಾದರೂ ಸಿಕ್ಕಿತೋ ಇಲ್ಲವೋ ಎಂಬ ಚಿಂತೆ ಉಸ್ತಾದರಿಗೆ ಕೊನೆಯವರೆಗೂ ಇತ್ತು.

ಆಮೇಲೆ ಕಂಪ್ಯೂಟರ್ ಬಂತು. ಕೈಯಿಂದ ಬರೆದ ಅಕ್ಷರಗಳ ಜಾಗದಲ್ಲಿ ಫಾಂಟುಗಳು ಕುಳಿತವು. ನಮ್ಮಲ್ಲಿ ‘ಶ್ರೀ’ ಎಂದು ಟೈಪು ಮಾಡಿದ್ದು ಬೇರೆ ಯಂತ್ರದಲ್ಲಿ ತೆರೆದರೆ ಕೊಂಬು ಬಾಲದ ಏನೇನೋ ಗುರುತುಗಳಾಗಿ ಕಾಣುತ್ತಿತ್ತು. ಮೊದಲ ಸಲ ಅದನ್ನು ನೋಡಿ ಯಂತ್ರಕ್ಕೆ ಏನೋ ಬಡಿದಿದೆ ಎಂದು ಸ್ವಿಚ್ ಆರಿಸಿ ಓಡಿದ್ದೆ. ಕಣ್ಣು ತೆರೆಸುವ ಕೆಲಸವೂ ಪರದೆಯ ಮೇಲೆ ಬಂತು, ಆಮೇಲೆ ನಿಂತೇಹೋಯಿತು. ಈಗ ಎಲ್ಲರ ಫೋಟೋ ಎಲ್ಲರ ಕಿಸೆಯಲ್ಲಿದೆ.

ಇಷ್ಟು ಕಥೆ ಕೇಳಿ ಸನಾ ತನ್ನ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು. ಅವಳ ಬಾಯಿ ತೆರೆದೇ ಇತ್ತು. ಯಂತ್ರ ಬೂಷ್ಟು ಒರೆಸುವಾಗ ಎಡಗಣ್ಣಿನ ಚುಕ್ಕಿಯನ್ನೂ ಕಲೆಯೆಂದು ಒರೆಸಿ, ಬಲಗಣ್ಣಿನದನ್ನು ನೋಡಿ ಅದೇ ಜಾಗಕ್ಕೆ ಹೊಸದು ಇಟ್ಟಿತ್ತು. ಕೆಳಗೆ ಹೆಸರೂ ಹಾಗೆಯೇ. ‘ಲಿಂ. ಗಂಗವ್ವ’ ಎಂದಿದ್ದಲ್ಲಿ ಚುಕ್ಕಿ ನೀರಿಗೆ ಅಳಿಸಿಹೋಗಿ, ಸನಾ ‘ಲಿಂಗಂಗವ್ವ’ ಎಂದು ಟೈಪು ಮಾಡಿದ್ದಳು.

“ಅಯ್ಯ, ಹೆಸರ ಹಂಗ ಇರಬೇಕು ಅಂದ್ಕೊಂಡ್ನಿರಿ ಮೇಡಂ! ಈಗ ಏನ ಮಾಡೂಣ್ರಿ? ನೀಲವ್ವಾರಿಗೆ ಇದನ್ನ ತೋರಿಸಿಬಿಟ್ಟೇನ್ರಿ.”

“ಏನಂದ್ಲು?”

“ಬಾಳೊತ್ತು ನೋಡಿ, ಸುಮಿತ್ರವ್ವನ ಕಡೆ ಹೋಗು ಅಂದ್ರು.”

ಮರುದಿನವೇ ನವನಗರಕ್ಕೆ ಹೋಗಿ, ಸನಾಳನ್ನೂ ಕರೆದುಕೊಂಡು ನೀಲವ್ವನ ಮನೆಗೆ ಹೋದೆ. ನೀಲವ್ವ ಈಗ ಅಜ್ಜಿ. ನಮಗೆ ಸಕ್ಕರೆ ಹಾಕಿದ ಚಹಾ, ತನಗೆ ಸಪ್ಪನೆಯದು ತಂದಿಟ್ಟಳು. ಸತ್ತೂರಿನ ಆಸ್ಪತ್ರೆಯ ಡಾಕ್ಟರು ಸಿಹಿ ಮುಟ್ಟಬಾರದೆಂದು ಹೇಳಿದ್ದಾರಂತೆ. ಹೇಳುವಾಗ ಅವಳ ಬಾಯಿಂದ ಬೆಲ್ಲದ ವಾಸನೆ ಬರುತ್ತಿತ್ತು.

ನಾನು ಸುತ್ತಿ ಬಳಸದೆ ಕೇಳಿದೆ. “ನೀಲವ್ವಾ, ಹಳೇ ಫೋಟೋದಾಗ ಎಡಗಣ್ಣಿನ ಚುಕ್ಕಿ…”

“ಸರದಿತ್ತು. ಗೊತ್ತೈತ್ರಿ.”

“ಯಾವಾಗ ಕಂಡಿ?”

“ಅವತ್ತ. ನಾ ಕಾಣಲಿಲ್ರಿ, ನಮ್ಮ ಕಾಕಾ ತೋರಿಸಿದಾ.”

ನನಗೆ ಕೇಳಿದ್ದು ಸರಿಯೇ ಎಂದು ತಿಳಿಯಲಿಲ್ಲ. ಯಾರ ಕಣ್ಣು ತಪ್ಪಿಸಲು ಉಸ್ತಾದರು ಅಷ್ಟು ಸಾಹಸ ಮಾಡಿದ್ದರೋ ಆ ಚನ್ನಪ್ಪನವರು!

“ಬಸ್ ಸ್ಟ್ಯಾಂಡಿನ್ಯಾಗ ಕುಂತು ಕಾಗದಾ ಬಿಚ್ಚಿದಾ. ‘ನೀಲಾ, ಇಲ್ಲಿ ನೋಡು, ಗಂಗವ್ವ ವೈನಿ ಬೆಲ್ಲದ ಡಬ್ಬಿ ಕಡೆ ನೋಡಾಕತ್ತಾಳ’ ಅಂದಾ. ಅಂದಾಂವನ ಹೆಣ್ಮಕ್ಕಳಂಗ ಅತ್ತಾನ್ರಿ, ಮಂದಿ ಎಲ್ಲಾ ನೋಡಾಕತ್ತಿದ್ರು. ‘ನನಗ ತಿಳೀತು ಅಂತ ಪ್ರೆಸ್ಸಿನ್ಯಾಗ ಹೇಳಿದ್ರ ಅಳಸ್ರಿ ಅನ್ನಬೇಕಾಕ್ಕಿತ್ತು, ಅದಕ್ಕ ಸುಮ್ಮನ ಬಂದೆ’ ಅಂದಾ. ತಂಗಿಗೋಳ ಲಗ್ನ ಆಗೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿದಾ.”

ಉಸ್ತಾದರು ಇದನ್ನು ಕೇಳದೆಯೇ ಹೋದರಲ್ಲ ಎಂದೆ. ಸನಾ ನನ್ನ ಕೈ ಹಿಡಿದುಕೊಂಡಳು.

“ಈಗ ಕಾಕಾನೂ ಇಲ್ಲ. ತಂಗಿಗೋಳು ಮೊಮ್ಮಕ್ಕಳ ಕಂಡಾರ. ಇನ್ನ ಯಾರ ಅಂಜಿಕಿ?” ಎಂದಳು ನೀಲವ್ವ. “ಚುಕ್ಕಿ ಪಿಕ್ಕಿ ಬ್ಯಾಡವಾ ಸನಾ. ಪೂರಾ ಮೆಳ್ಳಗಣ್ಣ ತಗಿ.”

ಸನಾ ಅಲ್ಲೇ ಕುಳಿತು ಪರದೆಯ ಮೇಲೆ ಬರೆಯುವ ಕಡ್ಡಿಯಿಂದ ಕೆಲಸ ಶುರುಮಾಡಿದಳು. ಅವಳು ಕಣ್ಣಿನ ಕಪ್ಪನ್ನು ಓರೆ ಸರಿಸಿದ ಕೂಡಲೇ ಯಂತ್ರ ಅದನ್ನು ನೆಟ್ಟಗೆ ಮಾಡುತ್ತಿತ್ತು. ಅವಳು ಮತ್ತೆ ಸರಿಸುವುದು, ಅದು ಮತ್ತೆ ನೆಟ್ಟಗಾಗುವುದು. ಆ ಮೊಂಡುತನ ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಚನ್ನಪ್ಪನವರಿಗಾದರೂ ಅಳುವ ಕಣ್ಣಿತ್ತು. ಕಡೆಗೆ ಸನಾ ಆ ಸೌಲಭ್ಯವನ್ನೆಲ್ಲ ಬಂದ್ ಮಾಡಿ ತನ್ನ ಕೈಯಿಂದಲೇ ಬರೆದಳು. ಬೆಳಕು ಎಲ್ಲಿಂದ ಬರುತ್ತಿದೆ ಎಂದು ನನ್ನನ್ನು ಕೇಳಿ ಕೇಳಿ ಚುಕ್ಕಿ ಇಟ್ಟಳು. ಹೆಸರಿನ ಹಿಂದಿನ ‘ಲಿಂ’ಗೂ ಚುಕ್ಕಿ ಇಟ್ಟು ಬಿಡಿಸಿದಳು.

ಛಾಪಿಸಿ, ಕಟ್ಟು ಹಾಕಿಸಿ, ಅಡುಗೆಮನೆಯ ಬಾಗಿಲಿಗೆ ಎದುರಾಗಿ ತೂಗುಹಾಕಿದ ದಿನ ನಾನೂ ಹೋಗಿದ್ದೆ. ನೀಲವ್ವ ಸೆರಗಿನಿಂದ ಅದರ ಗಾಜು ಒರೆಸಿದಳು. ಆಮೇಲೆ ಒಳಗೆ ಹೋಗಿ, ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ಸ್ಟೀಲಿನ ಡಬ್ಬಿ ತೆಗೆದು ತಂದು ಸನಾಳ ಕೈಯಲ್ಲಿಟ್ಟಳು.

“ಬೆಲ್ಲ ಐತಿ, ಮನಿಗೆ ಒಯ್ಯವಾ,” ಎಂದಳು. “ಇನ್ನ ಅಕಿ ನನಗ ತಿನ್ನಾಕ ಬಿಡಾಂಗಿಲ್ಲ.”